ಅತ್ತೆಯವರ ಊದಿನಕಡ್ಡಿ

ಮೆಲ್ಬರ್ನಿನಲ್ಲಿ ನಾವು ಕೊಂಡ ಮೊದಲ ಮನೆಗೆ ಕಾಲಿಟ್ಟು ನನ್ನ ಅತ್ತೆಯವರು ಆಡಿದ ಮೊದಲ ಮಾತು, "ಏನ್ರಿ ಅಳಿಯಂದ್ರ, ಇದು ಮನಿಯೋ ಜರಡಿಯೋ?"

ನನಗೆ ಮೈಯೆಲ್ಲ ಉರಿಯಿತು. ಎರಡು ಸಾವಿರ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ರೆಂಟಿಗಿದ್ದ ನಾವು ಹೊಸ ಕೆಲಸ ಸಿಕ್ಕಿತೆಂದು ಮೆಲ್ಬರ್ನಿಗೆ ಬಂದು, ಮಾರ್ಟ್‌ಗೇಜ್ ಸಾಲಕ್ಕೆ ಕತ್ತು ಕೊಟ್ಟು, ಹಲಗೆ ಗೋಡೆಯ ಈ ಹಳೆಯ ಮನೆಯನ್ನು ಕೊಂಡಿದ್ದೆವು. ಹಿತ್ತಲಲ್ಲಿ ನಿಂಬೆ ಗಿಡ, ಮುಂದೆ ಕೂರಲು ಕಟ್ಟೆ. ಮೈಸೂರಿನ ನಮ್ಮಪ್ಪ ಅದರ ಫೋಟೋವನ್ನು ಬೀದಿಗೆಲ್ಲ ತೋರಿಸಿದ್ದರು. ಅಂಥ ಮನೆಯನ್ನು ಧಾರವಾಡದಿಂದ ಬಂದವರು ಜರಡಿ ಅನ್ನುವುದೇ?

ಆದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ವೆಸ್ಟ್‌ಮೀಡ್‌ನ ಫ್ಲ್ಯಾಟಿಗೆ ಮೇಲೆ, ಕೆಳಗೆ, ಅಕ್ಕಪಕ್ಕ ಎಲ್ಲ ಕಡೆಯೂ ಮನೆಗಳು. ಅವರೆಲ್ಲ ಹಾಕಿಕೊಂಡ ಹೀಟರಿನ ಶಾಖದಲ್ಲಿ ನಾವೂ ಪುಕ್ಕಟೆ ಬೆಚ್ಚಗಿದ್ದೆವು. ಆ ಉಪಕಾರ ತಿಳಿದದ್ದು ಮೆಲ್ಬರ್ನಿನ ಚಳಿ ಶುರುವಾದಾಗ. ಬಾಗಿಲ ಕೆಳಗಿನಿಂದ, ಕಿಟಕಿಯ ಸಂದಿಯಿಂದ, ನೆಲದ ಹಲಗೆಗಳ ನಡುವಿನಿಂದ ಗಾಳಿ ನುಗ್ಗುತ್ತಿತ್ತು. ನಾನು ಒಂದಾದ ಮೇಲೊಂದು ಹೀಟರ್ ತಂದಿಟ್ಟೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಎದುರು ಕೂತರೆ ಮೊಣಕಾಲು ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು.

ಅತ್ತೆ ಬಂದದ್ದು ಮಗಳ ಬಾಣಂತನಕ್ಕೆ. ಮೊದಲು ಸಿಡ್ನಿಯಲ್ಲಿಳಿದು, ಅಲ್ಲೇ ಕೆಲ್ಲಿವಿಲ್‌ನಲ್ಲಿರುವ ಮಗನ ಮನೆಯಲ್ಲಿ ಕೆಲವು ದಿನ ಇದ್ದು ಬಂದಿದ್ದರು. ಅದು ಹೊಸದಾಗಿ ಕಟ್ಟಿದ ಇಟ್ಟಿಗೆಯ ಮನೆ. ಒಂದು ಗುಂಡಿ ಒತ್ತಿದರೆ ಮನೆಯಿಡೀ ಹದವಾಗಿ ಬೆಚ್ಚಗಾಗುತ್ತಿತ್ತು. ಅದನ್ನು ನೋಡಿ ಬಂದ ಕಣ್ಣಿಗೆ ನನ್ನ ಮನೆ ಹೇಗೆ ಹಿಡಿಸೀತು?

ಮರುದಿನ ಊಟದ ಹೊತ್ತಿಗೆ ತೀರ್ಪು ಹೊರಬಿತ್ತು. "ಬಾಣಂತಿಗೆ ಗಾಳಿ ಬಡೀಬಾರದು. ಕೂಸಿಗಂತೂ ಬಡೀಲೇಬಾರದು. ಹೆರಿಗಿ ಇಲ್ಲೇ ಆಗ್ಲಿ. ಡಾಕ್ಟರ್ ಹೂಂ ಅಂದ ಕೂಡ್ಲೆ ಇಬ್ಬರನ್ನೂ ಕೆಲ್ಲಿವಿಲ್‌ಗೆ ಕರ್ಕೊಂಡು ಹೋಗ್ತೀನಿ. ಬಾಣಂತನ ಮುಗಿಯೂತನಕ ಅಲ್ಲೇ."

"ಮತ್ತ ಇವರು?" ಎಂದಳು ನನ್ನ ಹೆಂಡತಿ.

"ಅವರಿಗೇನು, ನೌಕರಿ ಅದ. ರಜಾ ಸಿಕ್ಕಾಗ ಬಂದು ಕೂಸಿನ್ನ ನೋಡ್ಕೊಂಡು ಹೋಗ್ತಾರ."

ನನ್ನ ಮಗುವನ್ನು ನಾನು ನೆಂಟನ ಹಾಗೆ ಹೋಗಿ ನೋಡಿಕೊಂಡು ಬರಬೇಕಂತೆ! ಹೊಟ್ಟೆಯೊಳಗಿನ ಆ ಮಗು ನನ್ನ ದನಿ ಕೇಳಿದರೆ ಒದೆಯುತ್ತಿತ್ತು. ಹುಟ್ಟಿದ ಮೇಲೆ ಆ ದನಿಯನ್ನು ಅದು ಫೋನಿನಲ್ಲಿ ಕೇಳುವುದೆಂದರೆ ನನಗೆ ತಡೆಯಲಾಗಲಿಲ್ಲ.

"ಈ ಮನೇನ ನಾನು ಬೆಚ್ಚಗೆ ಮಾಡ್ತೀನಿ ಅತ್ತೆ. ಮಾಡಿದ್ರೆ ಇಲ್ಲೇ ಇರ್ತೀರಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೂಸು ಮನಿಗೆ ಬರೋ ದಿನ ಖೋಲಿಯೊಳಗ ಊದಿನಕಡ್ಡಿ ಹಚ್ಚಿ ನೋಡ್ತೀನ್ರಿ. ಹೊಗಿ ನೆಟ್ಟಗ ಏರಿತಂದ್ರ ಇಲ್ಲೇ. ಬಾಗಿತಂದ್ರ ಸಿಡ್ನಿ." ಅಷ್ಟು ಹೇಳಿ ಸೂಟ್‌ಕೇಸಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಉಡಲು ಬೇಕಾದ ಸೀರೆ ಒಂದೊಂದನ್ನೇ ತೆಗೆಯುವುದು, ಮತ್ತೆ ಬೀಗ ಹಾಕುವುದು. ಆ ಬೀಗದ ಸದ್ದು ಕೇಳಿದಾಗಲೆಲ್ಲ ನನ್ನ ಹಟ ಇನ್ನಷ್ಟು ಬಲಿಯಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಮೆಲ್ಬರ್ನಿನಲ್ಲಿ ಇದ್ದಿದ್ದರೆ ಮನೆ ಬೆಚ್ಚಗೆ ಮಾಡಿ ನೋಡು ಎಂದೂ ಸೇರಿಸುತ್ತಿದ್ದರು. ಶನಿವಾರ ನಾನು ಎಲ್ಲಿಂದ ಶುರುಮಾಡುವುದೆಂದು ತಲೆ ಕೆರೆಯುತ್ತ ನಿಂತಿದ್ದಾಗ ಅತ್ತೆಯೇ ಊದುಬತ್ತಿ ಹಚ್ಚಿಕೊಂಡು ಹೊರಟರು. ಅವರು ಅದಕ್ಕೆ ಊದಿನಕಡ್ಡಿ ಎನ್ನುತ್ತಿದ್ದರು. ಬಾಗಿಲು, ಕಿಟಕಿ, ಗೋಡೆಯ ಬುಡ, ಎಲ್ಲ ಕಡೆಯೂ ಅದನ್ನು ಮೆಲ್ಲಗೆ ಆಡಿಸುತ್ತ ಹೋದರು. ಹೊಗೆ ಎಲ್ಲಿ ಬೆಚ್ಚಿ ಬಾಗಿತೋ ಅಲ್ಲಿ ತೂತು. ಹಿಂದೆ ಸೀಮೆಸುಣ್ಣ ಹಿಡಿದು ನಾನು. ಅಡುಗೆಮನೆಯ ಹೊತ್ತಿಗೆ ಸೂರಿನ ಸ್ಮೋಕ್ ಅಲಾರಂ ಕಿರುಚಿಕೊಂಡಿತು.

"ದೇವರ ಊದಿನಕಡ್ಡಿಗೂ ಬೈತದಲ್ರಿ ಇದು!" ಎಂದು ಅವರು ಅದಕ್ಕೇ ತಿರುಗಿ ಬೈದರು. ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಾಕು ಅವ್ವಾ, ಇಲ್ಲೇ ಹಡೀತೀನಿ ಈಗ!"

ಸಂದಿಗಳಿಗೆಲ್ಲ ನಾನು ಮೇಣದಂಥ ಫಿಲ್ಲರ್ ತುಂಬಿದೆ, ಕಿಟಕಿಗಳ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಬಾಗಿಲ ಕೆಳಗಿನ ಜಾಗಕ್ಕೆ ಅತ್ತೆ ನನ್ನ ಹಳೆಯ ಪಂಚೆಯನ್ನು ಉದ್ದಕ್ಕೆ ಹೊಲಿದು, ಒಳಗೆ ಚಿಂದಿ ತುರುಕಿ, ಹೆಬ್ಬಾವಿನಂಥದೊಂದು ಮಾಡಿದರು. ಆಮೇಲೆ ನಾನು ಆಸೆಪಟ್ಟು ತಂದಿದ್ದ ತೆಳು ಪರದೆಗಳನ್ನು ಬೆರಳಲ್ಲಿ ಎತ್ತಿ ನೋಡಿದರು.

"ಇವು ಮಾನ ಮುಚ್ಚಲಿಕ್ಕ ಸಾಕ್ರಿ, ಥಂಡಿಗೆ ಅಲ್ಲ."

ಮಗಳ ಹಳೆಯ ಸೀರೆ, ಹಾಸಿಗೆಯ ಹೊದಿಕೆ ಎಲ್ಲ ಒಟ್ಟುಮಾಡಿ ಕೌದಿ ಹೊಲಿಯಲು ಕೂತರು. ಹೊದೆಯುವ ಕೌದಿಯಲ್ಲ, ಕಿಟಕಿಯ ನೆತ್ತಿಯಿಂದ ನೆಲದವರೆಗೆ ಇಳಿಯುವ ಕೌದಿ. ನಮ್ಮ ಮದುವೆಯ ಮಾರನೆಯ ದಿನ ಅವಳು ಉಟ್ಟಿದ್ದ ಇಳಕಲ್ ಸೀರೆಯ ಸೆರಗು ನಟ್ಟನಡುವೆ ಬಂತು. ಅದನ್ನು ನೇತುಹಾಕಿದ ಸಂಜೆ ಕಿಟಕಿಯ ಬಳಿ ಕೂತು ಕಾಫಿ ಕುಡಿದೆವು. ಅದುವರೆಗೆ ಆ ಮೂಲೆಯಲ್ಲಿ ಯಾರೂ ಕೂತಿರಲಿಲ್ಲ.

ನಾನೇನು ಕಡಿಮೆ? ಸೂರಿನೊಳಗಿನ ಅಟ್ಟಕ್ಕೆ ಹತ್ತಿ ಟಾರ್ಚ್ ಬಿಟ್ಟು ನೋಡಿದರೆ, ಬಾಣಂತಿಯ ಕೋಣೆಯ ಮೇಲ್ಭಾಗ ಬರಿದೋ ಬರಿದು. ಶಾಖ ಹೊರಹೋಗದಂತೆ ತಡೆಯುವ ಗಾಜಿನ ನಾರಿನ ದಪ್ಪನೆಯ ಹಾಸುಗಳನ್ನು ತಂದು, ತೆವಳಿಕೊಂಡು ಹೋಗಿ ಒಂದೊಂದನ್ನೇ ಹಾಸಿದೆ. ತೋಳು ಮುಚ್ಚುವ ಅಂಗಿ ಹಾಕಿಕೋ ಎಂದು ಅಂಗಡಿಯವನು ಹೇಳಿದ್ದನ್ನು ಕೇಳಿರಲಿಲ್ಲ. ಕೆಳಗಿಳಿದಾಗ ಕೋತಿಯಂತೆ ಕೆರೆದುಕೊಳ್ಳುತ್ತಿದ್ದೆ.

"ಮ್ಯಾಲೆ ತುರಚಿ ಗಿಡ ಬೆಳದಾವೇನ್ರಿ?" ಎಂದು ಕೇಳಿದ ಅತ್ತೆ, ಆ ರಾತ್ರಿ ನನಗೆಂದೇ ಹೋಳಿಗೆ ಮಾಡಿ, ಬೇಡವೆಂದರೂ ತುಪ್ಪ ಸುರಿದರು.

ಜಗಳವಾದದ್ದು ಒಂದೇ ಸಲ. ಗ್ಯಾಸ್ ಹೀಟರ್ ಇದ್ದ ನಡುಮನೆಯ ಗೋಡೆಯಲ್ಲಿ, ಗಾಳಿಯಾಡಲೆಂದೇ ಬಿಟ್ಟ ಜಾಲರಿಯೊಂದಿತ್ತು. ಅತ್ತೆ ಅದಕ್ಕೆ ಬಟ್ಟೆ ತುರುಕುತ್ತಿದ್ದರು. ನಾನು ಓಡಿಹೋಗಿ ಕಿತ್ತೆ. ಅವರ ಮುಖ ಕೆಂಪಾಯಿತು. "ಇಷ್ಟ ದಿನ ಮುಚ್ಚು ಮುಚ್ಚು ಅಂದ್ರಿ, ಈಗ ತಗೀತೀರಿ?"

"ಇದೊಂದು ಬೇಡ ಅತ್ತೆ. ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಕಿಟಕಿ ಎಲ್ಲ ಹಾಕಿದ್ರೆ ಏನಾಗುತ್ತೆ?"

ಊರಲ್ಲಿ ಹಾಗೆ ಮಾಡಿ ಜೀವ ಹೋಗುವುದರಲ್ಲಿದ್ದವರನ್ನು ಅವರು ಕಂಡಿದ್ದರು. ಕೈಲಿದ್ದ ಬಟ್ಟೆಯನ್ನು ತಾವೇ ಮಡಚಿಟ್ಟು, "ಹಂಗಂತ ಮೊದಲಽ ಹೇಳಬೇಕಿತ್ತಲ್ರಿ," ಎಂದರು. ಬಾಣಂತಿಯ ಕೋಣೆಗೆ ಗ್ಯಾಸ್ ಬೇಡ, ಎಣ್ಣೆ ತುಂಬಿದ ಚಿಕ್ಕ ಕರೆಂಟ್ ಹೀಟರೇ ಸಾಕು ಎಂದು ಇಬ್ಬರೂ ಒಪ್ಪಿದೆವು. ಅಂದಿನಿಂದ ನಾವು ಒಂದೇ ಪಕ್ಷದವರಂತಾದೆವು. ಆದರೂ ಸೂಟ್‌ಕೇಸಿಗೆ ಬೀಗ ಹಾಕುವುದನ್ನು ಮಾತ್ರ ಅವರು ಬಿಡಲಿಲ್ಲ.

ಇಲ್ಲಿ ನಡುಚಳಿಗಾಲವಾದ ಜುಲೈ ತಿಂಗಳ ಕೊರೆಯುವ ಚಳಿಯಲ್ಲಿ ಮಗಳು ಹುಟ್ಟಿದಳು. ಅವಳನ್ನು ಎತ್ತಿಕೊಂಡಾಗ ನನಗೆ ಅಳು ಬಂತು. ಡಿಸ್ಚಾರ್ಜ್ ಆಗುವ ದಿನ ಹೆಂಡತಿ ಆಸ್ಪತ್ರೆಯಿಂದ ಫೋನ್ ಮಾಡಿ, "ರೀ, ಪರೀಕ್ಷಾ ಪಾಸಾಗಿ ಬರ್ರಿ," ಎಂದಳು.

ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕೂತಿತ್ತು. ಅತ್ತೆ ಕೋಣೆಯ ನಡುವೆ, ಅಕ್ಕಿ ತುಂಬಿದ ಲೋಟದಲ್ಲಿ ಊದುಬತ್ತಿ ಸಿಕ್ಕಿಸಿ ಹಚ್ಚಿದರು. ನಾನು ಪಕ್ಕದಲ್ಲೇ ಮೊಣಕಾಲೂರಿ ಕೂತೆ. ಹೊಗೆ ಗೇಣುದ್ದ ಏರಿತು. ಏರಿ, ಕಿಟಕಿಯ ಕಡೆಗೆ ಬಾಗಿತು.

ಎದ್ದು ಬಾಗಿಲ ಹೆಬ್ಬಾವನ್ನು ಒತ್ತಿದೆ, ಕೌದಿಯ ಅಂಚು ಎಳೆದೆ, ಗೋಡೆಯ ಬುಡ ತಡವಿದೆ. ಎಲ್ಲೂ ಗಾಳಿಯಿಲ್ಲ. ಏದುಸಿರು ಬಿಡುತ್ತ ಬಂದು ಮತ್ತೆ ಕೂತರೆ ಹೊಗೆ ಇನ್ನೂ ಜೋರಾಗಿ ಬಾಗಿತು. ಮುಗಿಯಿತು, ಮಗಳು ಸಿಡ್ನಿಗೆ ಹೋದಳು ಎಂದುಕೊಂಡೆ.

ಅತ್ತೆ ಹೊಗೆಯನ್ನು ನೋಡಿದರು. ನನ್ನನ್ನು ನೋಡಿದರು.

"ಅಳಿಯಂದ್ರ, ಸ್ವಲ್ಪ ಉಸಿರು ಬಿಗಿಹಿಡೀರಿ ನೋಡೂಣು."

ಹಿಡಿದೆ. ಹೊಗೆ ಎರಡು ಸಲ ತೂಗಿ, ನಿಂತು, ನೂಲೆಳೆಯಂತೆ ನೆಟ್ಟಗೆ ಮೇಲಕ್ಕೆ ಹೋಯಿತು.

ಅವರು ಸೆರಗಿನ ಗಂಟು ಬಿಚ್ಚಿ, ಸೂಟ್‌ಕೇಸ್ ತೆಗೆದು, ಸೀರೆಗಳನ್ನೆಲ್ಲ ನಮ್ಮ ಬೀರುವಿನಲ್ಲಿ ಜೋಡಿಸತೊಡಗಿದರು. ಎಲ್ಲಕ್ಕಿಂತ ಕೆಳಗಿದ್ದ ಮಗುವಿನ ತಲೆಗೆ ಕಟ್ಟುವ ಪುಟ್ಟ ಕೆಂಪು ಕುಂಚಿಗೆಯನ್ನು ನನ್ನ ಕೈಗಿಟ್ಟರು. ನಾನು ಇನ್ನೂ ಉಸಿರು ಹಿಡಿದೇ ಇದ್ದೆ.

"ಸಾಕು, ಉಸಿರು ಬಿಡ್ರಿ. ಬಿಟ್ಟು ಕೆಲ್ಲಿವಿಲ್‌ಗೆ ಫೋನ್ ಹಚ್ರಿ. ಅವಂಗ ಹೇಳ್ರಿ, ರಜಾ ಸಿಕ್ಕಾಗ ಬಂದು ಕೂಸಿನ್ನ ನೋಡ್ಕೊಂಡು ಹೋಗು ಅಂತ."