ಜೋಡಿಗುಳಿಯ ಒರಳು

ಮುರ್ಡೀನಾ ಮೆಕೈ ಆ ಕಣಿವೆಯಲ್ಲಿ ಅಂಚೆ ಹಂಚಿಯೇ ಮುಪ್ಪಾದವಳು. ಕುರಿ ಮೇಯಿಸಲೆಂದು ಜಮೀನ್ದಾರ ಹಿಂದೊಮ್ಮೆ ಜನರನ್ನು ಒಕ್ಕಲೆಬ್ಬಿಸಿದ ಆಕ್ರೀಗನ್ ಎಂಬ ಹಾಳೂರನ್ನು ಬಂದವರಿಗೆ ತೋರಿಸುವುದು ಈಗ ಅವಳ ಕೆಲಸ. ಕಡಲಾಚೆಯವರು ತಮ್ಮ ಹಿರಿಯರ ಮನೆ ಕೇಳಿದರೆ, ಸೊಂಟದೆತ್ತರದ ಗೋಡೆಗಳ ನಡುವೆ ಒಯ್ದು ನಿಲ್ಲಿಸುತ್ತಾಳೆ. ಮೇಲುಗಡೆಯ ಮನೆಯೊಂದು ಅವಳ ಮುತ್ತಜ್ಜನದು. ಪ್ರತಿ ವಸಂತದಲ್ಲಿ ಅದರ ಒಲೆಗುಂಡಿಯ ಹುಲ್ಲು ಕಿತ್ತು, ಅಲ್ಲೇ ಕೂತು ಚಹಾ ಕುಡಿಯುತ್ತಾಳೆ. ಬಂಧುಬಳಗವೆಂದು ಅವಳಿಗೆ ಉಳಿದಿರುವುದು ಆ ಗೋಡೆಗಳೇ.

ಮೇ ತಿಂಗಳಲ್ಲಿ ನ್ಯೂಜಿಲೆಂಡಿನಿಂದ ರೋನಾ ಎಂಬಾಕೆ ಬಂದಳು. ಸುತ್ತಲಿನ ಕೋಟೆ, ಪೇಟೆಗಳನ್ನೆಲ್ಲ ನೋಡಿ ಮುಗಿಸಿದ್ದಳು.

"ನಮ್ದು ಮೆಕೈಯವರ ಮನೆ."

"ಇಲ್ಲಿ ಕಲ್ಲು ಬೀರಿದ್ರೆ ಮೆಕೈ ತಲೆಗೇ ಬೀಳೋದು ಕಣಮ್ಮ. ಅಡ್ಡಹೆಸರು ಹೇಳು. ನೇಕಾರನವ್ರಾ, ಕೆಂಪನವ್ರಾ?"

"ಕುಂಟ ಆಂಗಸ್‌ನವ್ರು ಅಂತಿದ್ರು ಅಜ್ಜಿ."

ಮುರ್ಡೀನಾ ಹೊಳೆಬದಿಯ ಮನೆಗೆ ಕರೆದೊಯ್ದಳು. ರೋನಾ ಹೊಸ್ತಿಲ ಬಳಿ ಬಗ್ಗಿ ಹುಡುಕತೊಡಗಿದಳು.

"ಏನು ಕಳ್ಕೊಂಡೆ?"

"ಒರಳು. ಬಾರ್ಲಿ ಕುಟ್ಟೋದು. ಮೊದಲ್ನೇ ಗುಳಿ ಸೀಳು ಬಿಡ್ತಂತೆ, ಪಕ್ಕದಲ್ಲೇ ಇನ್ನೊಂದು ಕೊರೆದ್ರಂತೆ. ಹಡಗಿಗೆ ಹತ್ತಿಸೋಕೆ ಬಿಡ್ಲಿಲ್ಲ ಅಂತ ನಮ್ಮನೇಲಿ ಇವತ್ತಿಗೂ ಬೈತಾರೆ."

ಅಂಥ ಕಲ್ಲು ಇಡೀ ಊರಲ್ಲಿ ಒಂದೇ. ಮೇಲಿನ ಮನೆಯಲ್ಲಿ ಮುರ್ಡೀನಾ ಚಹಾದ ಲೋಟ ಇಡುವುದು ಅದರ ಮೇಲೆಯೇ. ಹೊಳೆಬದಿಯದು ಕುಂಟನದು, ಮೇಲಿನದು ನಮ್ಮದು ಎಂದು ತೋರಿಸಿಕೊಟ್ಟವಳು ತಾಯಿ. ಅದೂ ದೂರದ ರಸ್ತೆಯಲ್ಲಿ ನಿಂತು, ಬೆರಳು ಚಾಚಿ. ಇಳಿದು ಬಂದು ನೋಡುವ ಮನಸ್ಸು ಆ ಪೀಳಿಗೆಯವರಿಗೆ ಇರಲಿಲ್ಲ.

ಮುರ್ಡೀನಾ ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರೋನಾ ಇದೇ ಹೊಸ್ತಿಲಿನ ಫೋಟೊ ತೆಗೆದುಕೊಂಡು ಹೋಗುತ್ತಿದ್ದಳು.

"ಮೇಲಕ್ಕೆ ಬಾ," ಎಂದಳು ಮುರ್ಡೀನಾ.

ಎರಡೂ ಗುಳಿಗಳಲ್ಲಿ ಮಳೆನೀರು ನಿಂತಿತ್ತು. ರೋನಾ ಮೊಣಕಾಲೂರಿ ಸೀಳಿನುದ್ದಕ್ಕೂ ಬೆರಳಾಡಿಸಿದಳು. ಆಮೇಲೆ ಒಲೆಗುಂಡಿ ಅವಳ ಕಣ್ಣಿಗೆ ಬಿತ್ತು.

"ಇಲ್ಲಿ ಹುಲ್ಲೇ ಇಲ್ವಲ್ಲ. ಯಾರು ಕಿತ್ತಿದ್ದು?"

"ನಾನೇ. ನಮ್ಮನೆ ಅನ್ಕೊಂಡಿದ್ದೆ."

ರೋನಾ ಎದ್ದು ನಿಂತಳು. "ನಿಮ್ಮ ಅಡ್ಡಹೆಸರೇನು?"

ಎಲ್ಲರನ್ನೂ ಕೇಳುವ ಮುರ್ಡೀನಾಗೆ ಆ ಪ್ರಶ್ನೆಯನ್ನು ಯಾರೂ ಹಾಕಿರಲಿಲ್ಲ.

"ಕಮ್ಮಾರನವ್ರು. ಇಲ್ಲಿ ಕುಲುಮೆಯಿಂದ ಬಿದ್ದ ಒಂದು ಚೂರು ಕಬ್ಬಿಣದ ಕಿಟ್ಟವೂ ಸಿಕ್ಕಿಲ್ಲ ಯಾಕೆ ಅಂತ ನಂಗೂ ಅನ್ಸಿದ್ದುಂಟು."

ಇಬ್ಬರೂ ಮತ್ತೆ ಹೊಳೆಬದಿಗೆ ಇಳಿದರು. ಮುರ್ಡೀನಾ ಕೋಲಿನಿಂದ ಗೋಡೆಯ ಬುಡ ಕೆದಕಿದಳು. ರೋನಾ ಹೊಳೆಯ ದಡದಿಂದ ಕಪ್ಪಗಿನ, ತೂತುತೂತಾದ ಒಂದು ಕಿಟ್ಟದ ಉಂಡೆ ಎತ್ತಿ ತಂದಳು.

ಮುರ್ಡೀನಾ ಅದನ್ನು ಅಂಗೈಯಲ್ಲಿ ತೂಗಿ, ಮನೆಯೊಳಗೆಲ್ಲ ದಟ್ಟವಾಗಿ ಬೆಳೆದ ಜರಿಗಿಡಗಳತ್ತ ನೋಡಿದಳು.

"ಇಷ್ಟು ವರ್ಷ ನಾನು ನಿನ್ನ ಮನೆ ಕಸ ತೆಗೀತಾ ಕೂತೆ, ನೋಡು. ನಮ್ಮನೆಗೆ ಕುಡುಗೋಲೇ ಬೇಕು."