ಎರಡೂವರೆ ಏಟಿನ ಲೆಕ್ಕ

ಮಗ್ಗದ ಕಾಕಾರ ಬಲಗಿವಿಯಲ್ಲಿ ಸದಾ ಒಂದು ಹತ್ತಿಯ ಉಂಡೆ ಇರುತ್ತಿತ್ತು. ನಲವತ್ತು ವರ್ಷ ಪವರ್‌ಲೂಮಿನ ಸದ್ದು ಕೇಳಿ ಆ ಕಿವಿ ಕೆಲಸ ಬಿಟ್ಟಿತ್ತು. ಯಾರು ಮಾತಾಡಿಸಿದರೂ ಎಡಗಿವಿ ಮುಂದೆ ಮಾಡುತ್ತಿದ್ದರು.

ಬನಹಟ್ಟಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ನಾನು ಕಾಲೇಜಿನ ಬೇಸ್‌ಬಾಲ್ ತಂಡದಲ್ಲಿ ಚೆಂಡು ಒಗೆಯುವವಳು. ಅವರ ಹಿತ್ತಲ ಗೋಡೆಗೆ ಹಳೇ ಮಗ್ಗದ ಹಲಗೆಯೊಂದನ್ನು ಒರಗಿಸಿ, ಅರಿವೆ ಅಳೆಯುವ ಗಜಕಡ್ಡಿಯಿಂದ ಇಪ್ಪತ್ತು ವಾರ, ಅಂದರೆ ಇಪ್ಪತ್ತು ಗಜ, ಅಳೆದು ಗೆರೆ ಹಾಕಿಕೊಟ್ಟವರು ಅವರೇ. ನಾನು ಒಗೆದರೆ ಕಾಕಾ ನೋಡುತ್ತಿರಲಿಲ್ಲ, ಕಣ್ಣು ಮುಚ್ಚುತ್ತಿದ್ದರು. ಒಳಗೆ ಮಗ್ಗ ಸೆಕೆಂಡಿಗೆ ಮೂರು ಏಟು ಹೊಡೆಯುತ್ತಿತ್ತು. ಕೈಬಿಟ್ಟ ಚೆಂಡು ಎರಡೂವರೆ ಏಟಿನೊಳಗೆ ಹಲಗೆಗೆ ಬಡಿದರೆ ತಾಸಿಗೆ ಎಂಬತ್ತು ಕಿಲೋಮೀಟರ್ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿಟ್ಟಿದ್ದರು. ಕರೆಂಟ್ ಹೋದರೆ ಮಾತ್ರ ಕೈಯಾಡಿಸಿಬಿಡುವರು: "ನನ್ನ ಗಡಿಯಾರ ನಿಂತೈತಿ. ಮನೀಗ್ ಹೋಗವಾ."

ಬಾಗಲಕೋಟೆಯಲ್ಲಿ ನಡೆಯುವ ಜಿಲ್ಲಾ ತಂಡದ ಆಯ್ಕೆಗೆ ಒಂದು ತಿಂಗಳಿತ್ತು. ಎಂಬತ್ತು ಮುಟ್ಟದಿದ್ದರೆ ಹೆಸರು ಬರೆದುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದ್ದರು. ನಮ್ಮಣ್ಣ ಮೊಬೈಲಿನಲ್ಲಿ ವೇಗ ಅಳೆಯುವ ಆ್ಯಪ್ ಹಾಕಿಕೊಂಡು ಬಂದ. ಎಂಬತ್ನಾಲ್ಕು! ನಾನು ಕುಣಿದಾಡಿದೆ.

"ಎಪ್ಪತ್ತೇಳು," ಎಂದರು ಕಾಕಾ.

"ಮೊಬೈಲ್ ಸುಳ್ಳ ಹೇಳ್ತತೇನ್ರೀ ಕಾಕಾ?" ಅಣ್ಣ ನಕ್ಕ.

"ಅದಕ್ಕ ದೂರ ಎಷ್ಟಂತ ಹೇಳೀ?"

"ಇಪ್ಪತ್ತು."

"ಇಪ್ಪತ್ತ್ ಏನು?"

"ಮೀಟರ್."

"ಲೇ, ಸೀರಿ ಮಾರೂ ಮನ್ಯಾಗ ಹುಟ್ಟಿ ವಾರಕ್ಕ ಮೀಟರ್ ಅಂತೀಯಲ್ಲೋ! ನಿಮ್ಮಪ್ಪ ಹಿಂಗ ಅಳದಿದ್ರ ಅಂಗಡಿ ಎಂದೋ ಮುಚ್ಚತಿತ್ತು."

ಅಣ್ಣ ತಿದ್ದಿ ಹಾಕಿದ. ಎಪ್ಪತ್ತೇಳೇ ಬಂತು. ನನಗೆ ಅಳು, ಅದಕ್ಕಿಂತ ಹೆಚ್ಚು ಸಿಟ್ಟು, ಅದೂ ಕಾಕಾರ ಮೇಲೆ. ಎರಡು ದಿನ ಹಿತ್ತಲಿಗೆ ಹೋಗಲಿಲ್ಲ. ಮೂರನೆಯ ದಿನ ಅವರೇ ಬಾಗಿಲಿಗೆ ಬಂದರು.

"ಮೂರು ಕಮ್ಮಿ ಅಂತ ಇಲ್ಲೇ ಗೊತ್ತಾತು, ಇಲ್ಲೇ ತುಂಬಸಬಹುದು. ಬಾಗಲಕೋಟ್ಯಾಗ ಗೊತ್ತಾಗಿದ್ರ ಎಲ್ಲಿ ತುಂಬಸ್ತಿದ್ದಿ ಬೇ? ನಡಿ, ಚೆಂಡ್ ತಗೋ."

ತಿಂಗಳಿಡೀ ಒಗೆದೆ. ಅವರು ಒಂದು ದಿನವೂ ಒಂದಂಕಿ ಹೆಚ್ಚು ಹೇಳಲಿಲ್ಲ. ಹೊರಡುವ ಹಿಂದಿನ ಸಂಜೆ ಅಂಕಿಯನ್ನೇ ಹೇಳದೆ, "ಆತು," ಎಂದು ಎದ್ದು ಹೋದರು.

ಆಯ್ಕೆಯ ದಿನ ವೇಗ ಅಳೆಯುವ ಮಷೀನು ಎಂಬತ್ತೊಂದು ತೋರಿಸಿತು. ಓಡಿ ಬಂದು ಹೇಳಿದರೆ ಕಾಕಾ ಎಡಗಿವಿ ಮುಂದೆ ಮಾಡಿ ಇನ್ನೊಮ್ಮೆ ಹೇಳಿಸಿಕೊಂಡರು. "ಎಂಬತ್ತು ಇದ್ದೀತು. ಆ ಮಷೀನು ಒಂದು ಹೆಚ್ಚ ಹೇಳೈತಿ."

ಈಗ ನಾನೇ ಹುಡುಗಿಯರಿಗೆ ಆಟ ಕಲಿಸುತ್ತೇನೆ. ಚೀಲದಲ್ಲಿ ಮಷೀನು ಇದೆ. ಕಣ್ಣು ಮುಚ್ಚಿ ಒಂದಂಕಿ ಅಂದುಕೊಂಡ ಮೇಲೆಯೇ ಅದನ್ನು ನೋಡುತ್ತೇನೆ.

ಹೋದ ವರ್ಷ ಕಾಕಾ ತೀರಿಕೊಂಡರು. ಅವರ ಗೌರವಕ್ಕೆ ಓಣಿಯ ಮಗ್ಗಗಳನ್ನೆಲ್ಲ ಒಂದು ದಿನ ನಿಲ್ಲಿಸಿದ್ದರು. ಮಣ್ಣು ಮುಗಿಸಿ ಎಲ್ಲರೂ ಹೋದ ಮೇಲೆ ಹಿತ್ತಲಿಗೆ ಹೋಗಿ, ಗೆರೆಯ ಮೇಲೆ ನಿಂತು ಹಲಗೆಗೆ ಒಂದು ಚೆಂಡು ಒಗೆದೆ. ಎಷ್ಟು ಬಂತೋ ಗೊತ್ತಾಗಲಿಲ್ಲ.