ಮಾಸ್ಕ್ ತೆಗೆದ ಮಧ್ಯಾಹ್ನ

ಕೊಪ್ಪಳ ಜಿಲ್ಲೆಯಲ್ಲಿ ಊರೂರು ತಿರುಗಿ ಟಿ.ಬಿ. ರೋಗಿಗಳಿಗೆ ಗುಳಿಗೆ ತಲುಪಿಸುವುದು, ಅವರು ನುಂಗಿದ್ದಾರೋ ಇಲ್ಲವೋ ನೋಡುವುದು ನನ್ನ ಕೆಲಸ. ಮಾಮೂಲಿ ಟಿ.ಬಿ.ಗೆ ನಾನು ಹೆದರಿದವಳಲ್ಲ. ಔಷಧಿ ಬಿಡದೆ ತೆಗೆದುಕೊಂಡರೆ ಅದು ವಾಸಿಯಾಗುತ್ತದೆ. ಹೆದರುತ್ತಿದ್ದದ್ದು ಆ ಔಷಧಿಗೆ ಜಗ್ಗದ ಟಿ.ಬಿ.ಗೆ. ಅಂಥವರ ಮನೆ ಹತ್ತಿರವಾಗುತ್ತಿದ್ದಂತೆ ಸ್ಕೂಟಿ ತಾನಾಗಿಯೇ ನಿಧಾನವಾಗುತ್ತಿತ್ತು. ನನ್ನ ಮಗಳಿಗೆ ಆಗಿನ್ನೂ ಮಾತು ತೊದಲು. ನಾನು ಮನೆಗೆ ಬಂದ ಕೂಡಲೇ ಕಾಲು ತಬ್ಬಲು ಓಡಿ ಬರುತ್ತಿದ್ದಳು. "ತಡಿ, ಮುಟ್ಟಬ್ಯಾಡ" ಎಂದು ಗದರಿಸಿ, ಹಿತ್ತಲಲ್ಲಿ ಜಳಕ ಮಾಡಿ ಬಂದು ಎತ್ತಿಕೊಳ್ಳುವಷ್ಟರಲ್ಲಿ ಅತ್ತು ಸುಸ್ತಾಗಿರುತ್ತಿದ್ದಳು.

ಕಿನ್ನಾಳದಲ್ಲಿ ಒಬ್ಬ ರೋಗಿಯಿದ್ದರು. ಕಟ್ಟಿಗೆಯ ಗೊಂಬೆ ಕೆತ್ತಿ ಬಣ್ಣ ಹಾಕುವ ಕೆಲಸ. ನಲವತ್ತರ ಆಸುಪಾಸು, ತೆಳ್ಳನೆಯ ಆಳು. ಮೊದಲೊಮ್ಮೆ ಟಿ.ಬಿ. ಬಂದು ಹೋಗಿತ್ತು. ಎರಡನೆಯ ಸಲ ಬಂದಾಗ ಹಳೆಯ ಔಷಧಿ ಕೆಲಸ ಮಾಡಲಿಲ್ಲ. ಹೊಸ ಗುಳಿಗೆಗಳು ಶುರುವಾದ ಮೇಲೆ ಪಾದಗಳು ಜುಮುಗುಟ್ಟುತ್ತಿದ್ದವು, ಮೈ ಬಣ್ಣ ದಿನದಿನಕ್ಕೆ ಕಪ್ಪಾಗುತ್ತಿತ್ತು. ಅದಕ್ಕೂ ನಗುತ್ತಿದ್ದರು. "ನಾ ಗೊಂಬಿಗೆ ಬಣ್ಣ ಹಚ್ಚಿದ್ರ ನೀವು ನನಗ ಹಚ್ಚಾಕತ್ತೀರಲ್ರಿ ಅಕ್ಕಾರ!"

ಆ ಗುಳಿಗೆಗಳಲ್ಲಿ ಒಂದು ಕೆಲವರ ಮನಸ್ಸನ್ನು ಕೆಡಿಸುತ್ತದೆ ಎಂದು ನಮ್ಮ ಡಾಕ್ಟರು ಮೊದಲೇ ಹೇಳಿದ್ದರು. ರೋಗಿಯ ಹೆಂಡತಿಗೂ ತಿಳಿಸಿದ್ದೆ. "ನಿದ್ದಿ ಬಿಟ್ರ, ಒಬ್ಬರ ಕುಂತು ಮಾತಾಡಿದ್ರ ಲಗೂನ ಫೋನ್ ಮಾಡ್ರಿ."

ಬಿಸಿಲು ಏರಿದ್ದ ಹೊತ್ತು. ಬೇವೂರಿನಲ್ಲಿ ಒಬ್ಬ ಅಜ್ಜಿಯ ಮನೆಯಿಂದ ಹೊರಡುತ್ತಿದ್ದೆ. ಕಿನ್ನಾಳದಿಂದ ಅವರ ಹೆಂಡತಿಯ ಫೋನ್ ಬಂತು.

"ಅಕ್ಕಾರ, ಹೆಂಗರ ಮಾಡಿ ಬರ್ರಿ. ನಿನ್ನಿಯಿಂದ ಕಣ್ಣು ಮುಚ್ಚಿಲ್ಲ ಇವರು. ಗ್ವಾಡಿ ಕೂಡ ಮಾತಾಡಾಕತ್ತಾರ. ಕೈಯಾಗ ಉಳಿ ಹಿಡಕೊಂಡು ಕುಂತಾರ್ರಿ, ಯಾರನ್ನೂ ಒಳಗ ಬಿಡವಲ್ರು."

ಡಾಕ್ಟರಿಗೆ ಫೋನ್ ಮಾಡಿದೆ. "ಆ ಗುಳಿಗಿ ಈಗಲೇ ನಿಲ್ಲಸ್ರಿ. ಆಂಬುಲೆನ್ಸ್ ಕಳಸ್ತೀನಿ. ನೀವು ಒಬ್ಬರ ಒಳಗ ಹೋಗಬ್ಯಾಡ್ರಿ" ಎಂದರು. ಕಿನ್ನಾಳದವರೆಗೆ ಹೇಗೆ ಗಾಡಿ ಓಡಿಸಿದೆನೋ ಗೊತ್ತಿಲ್ಲ. ನಾನು ತಲುಪುವ ಮೊದಲೇ ಎಲ್ಲ ಮುಗಿದುಹೋಗಲಿ ಎಂದು ಒಂದು ಕ್ಷಣ ಅನ್ನಿಸಿದ್ದು ಮಾತ್ರ ನೆನಪಿದೆ. ಯಾವ ರೀತಿ ಮುಗಿಯಲಿ ಎಂದು ಯೋಚಿಸುವ ಧೈರ್ಯ ಇರಲಿಲ್ಲ.

ಓಣಿಯ ಜನ ಎದುರು ಮನೆಯ ಕಟ್ಟೆಯ ಮೇಲೆ ಗುಂಪಾಗಿ ನಿಂತಿದ್ದರು. ರೋಗಕ್ಕೂ ಉಳಿಗೂ ಹೆದರಿ ಒಬ್ಬರೂ ದಾಟಿ ಬಂದಿರಲಿಲ್ಲ. ಹೆಂಡತಿ ಒಳಕೋಣೆಯ ಹೊಸ್ತಿಲ ಬಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಒಳಗೆ, ಅರ್ಧ ಕೆತ್ತಿದ ಕಟ್ಟಿಗೆಗಳ ನಡುವೆ, ಗೋಡೆಗೆ ಒರಗಿ ಅವರು ಕುಳಿತಿದ್ದರು. ಉಳಿಯ ಮೊನೆ ತಮ್ಮದೇ ಕುತ್ತಿಗೆಗೆ ತಾಗಿತ್ತು.

"ಯಾರಕಿ ನೀ?"

"ನಾನ್ರಿ ಅಣ್ಣಾರ. ಗುಳಿಗಿ ಕೊಡಾಕ ಬರ್ತೀನಲ್ಲ, ಆ ಅಕ್ಕ."

"ಸುಳ್ಳು! ಮಾರಿ ಮುಚ್ಚಿಕೊಂಡವ್ರು ರಾತ್ರಿಯೆಲ್ಲಾ ಬಂದ್ರು. ನನ್ನ ಒಯ್ಯಾಕ ಬಂದ್ರು. ನಿಂದೂ ಮಾರಿ ಇಲ್ಲ. ಮಾರಿ ತೋರ್ಸು, ಇಲ್ಲಂದ್ರ ಚುಚ್ಚಿಕೋತೀನಿ."

ಆಗ ಹೊಳೆಯಿತು. ಇಷ್ಟು ತಿಂಗಳು ಈ ಮನೆಗೆ ಬಂದಿದ್ದೇನೆ, ಇವರು ನನ್ನ ಮುಖವನ್ನೇ ನೋಡಿಲ್ಲ. ಕಣ್ಣು ಮತ್ತು ಮಾಸ್ಕ್, ಅಷ್ಟೇ ಇವರಿಗೆ ಗೊತ್ತು.

ಅವರ ಕಫದಲ್ಲಿ ಇನ್ನೂ ರೋಗಾಣು ಇತ್ತು. ಆ ವರದಿಯನ್ನು ನಾನೇ ನೋಡಿದ್ದೆ. ಕೋಣೆಗೆ ಇದ್ದದ್ದು ಒಂದು ಸಣ್ಣ ಕಿಟಕಿ, ಅದನ್ನೂ ಮುಚ್ಚಿಕೊಂಡಿದ್ದರು. ಆಂಬುಲೆನ್ಸ್ ಬರುವವರೆಗೆ ಹೊರಗೆ ನಿಂತಿದ್ದರೆ ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ಮಗಳ ಎಳೆಯ ಬೆರಳುಗಳು ಕಣ್ಣಮುಂದೆ ಬಂದವು. ಅಷ್ಟರಲ್ಲಿ ಅವರ ಕುತ್ತಿಗೆಯ ಮೇಲೆ ಕೆಂಪು ಗೆರೆಯೊಂದು ಮೂಡಿತು. ಹೆಂಡತಿ ಚೀರಿದಳು.

ನನ್ನ ಕೈ ಮಾಸ್ಕಿನ ದಾರ ಬಿಚ್ಚಿತು.

ಹೊಸ್ತಿಲು ದಾಟಲಿಲ್ಲ. ಜಾಣತನದಿಂದಲ್ಲ, ಕಾಲೇ ಏಳಲಿಲ್ಲ. ಉಸಿರು ಬಿಗಿಹಿಡಿದು ನಿಂತೆ. ಅವರು ನನ್ನ ಹಣೆ, ಮೂಗು, ತುಟಿ, ಗಲ್ಲ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಎದೆ ಸಿಡಿಯುವಂತಾಗಿ ಕೊನೆಗೆ ಉಸಿರು ಎಳೆದುಕೊಳ್ಳಲೇಬೇಕಾಯಿತು.

"ಇಷ್ಟ ಸಣ್ಣಾಕಿ ಅದೀಯೇನವಾ ನೀ?" ಎಂದರು, ಕೂಸನ್ನು ಮಾತಾಡಿಸುವ ದನಿಯಲ್ಲಿ. "ನಾ ಮುದುಕಿ ಅಂತ ತಿಳಕೊಂಡಿದ್ದೆ."

"ಉಳಿ ಕೆಳಗ ಇಡ್ರಿ ಅಣ್ಣಾರ. ನಂಗ ಭಾಳ ಅಂಜಿಕಿ ಆಗಾಕತ್ತೈತಿ."

ಅದು ಅವರನ್ನು ಒಪ್ಪಿಸಲು ಹೇಳಿದ ಮಾತಲ್ಲ, ನಿಜವೇ ಆಗಿತ್ತು. ಅವರು ಉಳಿಯನ್ನು ನೆಲಕ್ಕಿಟ್ಟರು. ಇಟ್ಟವರೇ ಕೆಮ್ಮತೊಡಗಿದರು. ಬಾಯಿಗೆ ಕೈ ಅಡ್ಡ ಹಿಡಿಯುವ ಎಚ್ಚರ ಅವರಿಗಿರಲಿಲ್ಲ. ಹೆಂಡತಿ ನನ್ನನ್ನು ದಾಟಿ ಒಳಗೆ ಓಡಿ ಉಳಿ ಎತ್ತಿಕೊಂಡಳು. ನಾನು ಮಾಸ್ಕ್ ಹಾಕಿಕೊಂಡೆ. ಹೊರಗೆ ಆಂಬುಲೆನ್ಸಿನ ಸದ್ದು ಕೇಳಿಸಿತು.

ಆಸ್ಪತ್ರೆಯಲ್ಲಿ ಆ ಗುಳಿಗೆ ಬಿಡಿಸಿ ಬೇರೆ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಮನಸ್ಸು ತಿಳಿಯಾಯಿತು. ನಾನು ಹೋದಾಗ ಕತ್ತಿನ ಪಟ್ಟಿ ಮುಟ್ಟಿಕೊಂಡು, "ನಿಮಗೇನರ ಅಂದೆನೇನ್ರಿ ಅಕ್ಕಾರ?" ಎಂದು ಕೇಳಿದರು. "ಏನೂ ಇಲ್ಲರಿ, ಸಣ್ಣಾಕಿ ಅದೀಯವಾ ಅಂದ್ರಿ" ಎಂದೆ. ಅವರು ನಾಚಿ ಗೋಡೆ ಕಡೆ ತಿರುಗಿದರು.

ನನ್ನ ಮನಸ್ಸು ಮಾತ್ರ ತಿಳಿಯಾಗಲಿಲ್ಲ. "ಒಂದ್ ಸಲ ಕೆಮ್ಮಿದ್ರ ಬಂದ ಬಿಡ್ತೈತಿ ಅಂತೇನಿಲ್ಲ. ಆದ್ರೂ ಎರಡು ವರ್ಷ ಮೈಮ್ಯಾಲೆ ನಿಗಾ ಇರ್ಲಿ" ಎಂದರು ಡಾಕ್ಟರು. ಎದೆಯ ಎಕ್ಸ್‌ರೇ ಚೊಕ್ಕವಾಗಿ ಬಂತು. ಆದರೂ ಹೊರಗಿನ ಕೋಣೆಯಲ್ಲಿ ಒಬ್ಬಳೇ ಹಾಸಿಗೆ ಹಾಕಿಕೊಂಡೆ. ಮಗಳು ಬಾಗಿಲು ಬಡಿದು ಅಳುತ್ತಿದ್ದಳು. "ಡಾಕ್ಟರ ಏನಿಲ್ಲ ಅಂದಮ್ಯಾಲೆ ಇನ್ನೆಷ್ಟು ದಿನ ಹಿಂಗ?" ಎಂದು ಗಂಡ ಒಂದು ದಿನ ಸಿಟ್ಟಾದರು. ನಾನು ನನ್ನ ತಟ್ಟೆ ತೊಳೆದೆ. ಬೇರೆ ತಟ್ಟೆ, ಬೇರೆ ಲೋಟ. ತಟ್ಟೆಯಿಂದ ಈ ರೋಗ ಹರಡುವುದಿಲ್ಲ ಎಂದು ಊರವರಿಗೆಲ್ಲ ಹೇಳುತ್ತಿದ್ದವಳು ನಾನೇ.

ಎರಡನೆಯ ಎಕ್ಸ್‌ರೇಯೂ ಚೆನ್ನಾಗಿ ಬಂದ ಮೇಲೆ ಒಳಗೆ ಮಲಗಲು ಹೋದೆ. ಕಿನ್ನಾಳದವರ ಕಫವೂ ಸ್ವಚ್ಛವಾಯಿತು, ಚಿಕಿತ್ಸೆ ಪೂರ್ತಿ ಮುಗಿಯಿತು. ಈಗ ಮತ್ತೆ ಕೆಲಸಕ್ಕೆ ಕೂರುತ್ತಾರೆ, ಕಿಟಕಿ ತೆರೆದಿಟ್ಟು.

ಡಾಕ್ಟರು ಹೇಳಿದ ಎರಡು ವರ್ಷಕ್ಕೆ ಇನ್ನೂ ಸ್ವಲ್ಪ ಉಳಿದಿದೆ. ಕಳೆದ ವಾರ ಗಂಗಾವತಿಯಲ್ಲಿ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ರೋಗಿಯೊಬ್ಬರನ್ನು ನೋಡಲು ಹೊರಟಿದ್ದೆ. ಹೊಟ್ಟಿನ ಧೂಳಿಗೋ ಏನೋ, ಕೆಮ್ಮು ಬಂತು. ಸ್ಕೂಟಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದು, ಆಮೇಲೆ ಅದನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದೆ. ಏನೂ ಇರಲಿಲ್ಲ. ಮತ್ತೊಮ್ಮೆ ನೋಡಿದೆ. ಆಮೇಲೆ ಗಾಡಿ ಹತ್ತಿ ಆ ಹಮಾಲರ ಮನೆ ಕೇಳುತ್ತಾ ಹೋದೆ.